ಅಪ್ಪ ಆರಿಸಿ ಎಸೆಯುವ ಅಕ್ಕಿಕಾಳು

ಪ್ರಶ್ನೆ: ಅಕ್ಕಾ, ನಮ್ಮಪ್ಪನಿಗೆ 67 ವರ್ಷ. ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಈಗ ಬೆಳಿಗ್ಗೆ ಐದೂವರೆಗೇ ವಾಟ್ಸ್‌ಆ್ಯಪ್ ಶುರು. ಸೊಸೈಟಿ ಅಕ್ಕಿಯಲ್ಲಿ ಪ್ಲಾಸ್ಟಿಕ್ ಬೆರೆಸುತ್ತಿದ್ದಾರೆ, ಬಡವರನ್ನು ಕಾಯಿಲೆ ಬೀಳಿಸಿ ಔಷಧಿ ಕಂಪನಿಗಳಿಗೆ ದುಡ್ಡು ಮಾಡಿಕೊಡೋ ಪಿತೂರಿ ಇದು ಅಂತ ನಂಬಿಬಿಟ್ಟಿದ್ದಾರೆ. ಮೊರದಲ್ಲಿ ಅಕ್ಕಿ ಹರಡಿ, ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಬಣ್ಣ ಬೇರೆ ಕಂಡ ಕಾಳುಗಳನ್ನೆಲ್ಲ ಆರಿಸಿ ಎಸೆಯುತ್ತಾರೆ. ಅಮ್ಮನಿಗೆ ರಕ್ತ ಕಡಿಮೆ, ಮಂಡಿನೋವು ಬೇರೆ. ಹೋದ ತಿಂಗಳು ನನಗೆ ತಡೆಯೋಕಾಗದೆ ಫ್ಯಾಮಿಲಿ ಗ್ರೂಪ್‌ನಲ್ಲೇ 'ಸ್ವಲ್ಪ ತಲೆ ಉಪಯೋಗಿಸಿ ಅಪ್ಪ' ಅಂತ ಬರೆದು, ಇದು ಸುಳ್ಳುಸುದ್ದಿ ಅನ್ನೋ ಲಿಂಕ್ ಹಾಕಿದೆ. ಅಪ್ಪ ಗ್ರೂಪ್ ಬಿಟ್ಟರು. 20 ದಿನದಿಂದ ನನ್ನ ಫೋನ್ ಎತ್ತುತ್ತಿಲ್ಲ. ನಾನು ಹೇಳಿದ್ದು ನಿಜ ತಾನೆ?
— ಹೆಸರು ಬೇಡ, ತುಮಕೂರು

ಉತ್ತರ: ನಿಜವೇ. ಹೇಳಿದ ಜಾಗ ಸರಿಯಿರಲಿಲ್ಲ. ಆ ಗ್ರೂಪ್‌ನಲ್ಲಿ ನಿಮ್ಮ ಚಿಕ್ಕಪ್ಪ, ಸೋದರತ್ತೆ, ಬೀಗರು ಎಲ್ಲ ಇರುತ್ತಾರೆ ಅಲ್ವಾ? ಅವರೆದುರು ಮಗಳ ಕೈಲಿ ಅನ್ನಿಸಿಕೊಂಡ ಮೇಲೆ ಅಪ್ಪನಿಗೆ ಅಕ್ಕಿ ವಿಷಯ ಮರೆತೇ ಹೋಗಿರುತ್ತದೆ, ಮಾನ ಹೋಯಿತು ಅನ್ನೋದೊಂದೇ ಮನಸ್ಸಲ್ಲಿ ಕೂತಿರುತ್ತದೆ. 2016ರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ, ನೆಲದೊಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಅಂತ ನಮ್ಮ ಚಿಕ್ಕಪ್ಪ ಒಂದು ಗೃಹಪ್ರವೇಶದಲ್ಲಿ ಹೇಳುತ್ತಿದ್ದರು. ಊಟದ ಪಂಕ್ತಿಯಲ್ಲಿ ನಾನು ಎಲ್ಲರೆದುರು ನಕ್ಕೆ. ಅವರು ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಆಮೇಲೆ ನನ್ನ ಜೊತೆ ಮೊದಲಿನ ಹಾಗೆ ಮಾತಾಡೋಕೆ ಒಂದು ವರ್ಷ ಬೇಕಾಯಿತು. ಆ ಎಲೆಯಲ್ಲಿ ಉಳಿದ ಅನ್ನ ಇವತ್ತಿಗೂ ಕಣ್ಣಮುಂದೆ ಬರುತ್ತದೆ.

ಹಾಗಾಗಿ ಮೊದಲು ಊರಿಗೆ ಹೋಗಿ. ಫೋನಿನಲ್ಲಿ ಬೇಡ. 'ಅಪ್ಪ, ಎಲ್ಲರ ಮುಂದೆ ಹಾಗೆ ಬರೆದಿದ್ದು ತಪ್ಪಾಯಿತು' ಅಂತ ಅಷ್ಟೇ ಹೇಳಿ. ಅಕ್ಕಿಯ ವಿಷಯದಲ್ಲಿ ನೀವು ಸೋತೆ ಅಂತ ಒಪ್ಪಿಕೊಳ್ಳಬೇಕಾಗಿಲ್ಲ, ಆದರೆ 'ಆದರೂ' ಅಂತ ಬಾಲ ಸೇರಿಸಿ ಆ ಮಾತನ್ನು ಕೆಡಿಸಬೇಡಿ.

ಇನ್ನು ಅಕ್ಕಿ. ಅಪ್ಪನ ಕಣ್ಣು ಸುಳ್ಳು ಹೇಳುತ್ತಿಲ್ಲ, ಇದನ್ನು ನೀವು ಮೊದಲು ಒಪ್ಪಿಕೊಳ್ಳಬೇಕು. ಆ ಕಾಳುಗಳು ನಿಜಕ್ಕೂ ಬೇರೆ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಸೇರಿಸಿ, ಯಂತ್ರದಲ್ಲಿ ಮತ್ತೆ ಅಕ್ಕಿಕಾಳಿನ ಆಕಾರಕ್ಕೆ ಒತ್ತಿ ತೆಗೆದಿರುತ್ತಾರೆ. ನೂರು ಕೆ.ಜಿ. ಅಕ್ಕಿಗೆ ಇದು ಒಂದು ಕೆ.ಜಿ., ಅಂದರೆ ನಿಮ್ಮ ಮನೆಗೆ ಬರುವ ಐದು ಕೆ.ಜಿ.ಯಲ್ಲಿ 50 ಗ್ರಾಂ. ಇದಕ್ಕೆ ಸಾರವರ್ಧಿತ ಅಕ್ಕಿ ಅಂತಾರೆ. 2021ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿ ಇದನ್ನು ಘೋಷಿಸಿದರು, 2024ರ ಹೊತ್ತಿಗೆ ಸರ್ಕಾರಿ ಯೋಜನೆಗಳ ಅಕ್ಕಿಯೆಲ್ಲ ಹೀಗಿರುತ್ತದೆ ಅಂತ. ಭಾಷಣದಲ್ಲಿ ಹೇಳಿದ್ದು ಸೊಸೈಟಿ ಮುಂದೆ ಚೀಲ ಹಿಡಿದು ನಿಂತವರಿಗೆ ಯಾರು ಬಿಡಿಸಿ ಹೇಳಿದರು ಹೇಳಿ? ದಿನಾ ಉಣ್ಣುವ ಅನ್ನದಲ್ಲಿ ಗುರುತಿಲ್ಲದ ಕಾಳು ಸಿಕ್ಕಿ, ಅದು ನೀರಲ್ಲಿ ತೇಲಿದರೆ, ಯಾರಿಗಾದರೂ ಅನುಮಾನ ಬರುತ್ತದೆ. ಆ ಖಾಲಿ ಜಾಗಕ್ಕೇ ವಾಟ್ಸ್‌ಆ್ಯಪ್ ಬಂದು ಕೂತಿದ್ದು.

ಮನೆಯಲ್ಲಿ ಎಲೆಅಡಿಕೆಯ ಕುಟ್ಟಾಣಿ ಇದ್ದರೆ ಅಪ್ಪನ ಕೈಗೇ ಕೊಡಿ. ಅವರು ಆರಿಸಿಟ್ಟ ಕಾಳುಗಳಲ್ಲಿ ಹತ್ತು ಹಾಕಿ ಕುಟ್ಟಲಿ. ಹಿಟ್ಟಾಗುತ್ತದೆ. ಪಕ್ಕದಲ್ಲಿ ಹಳೇ ಬಕೆಟ್ಟಿನ ಒಂದು ಚೂರು ಕುಟ್ಟಿ ನೋಡಲಿ, ಅದು ಹಿಟ್ಟಾಗೋದಿಲ್ಲ. ಇನ್ನಷ್ಟು ಕಾಳು ಬೇರೆ ಪಾತ್ರೆಯಲ್ಲಿ ಬೇಯಿಸಿ, ಬೆರಳಲ್ಲಿ ಹಿಸುಕಲಿ. ನೀವು ಮಾತ್ರ ಬಾಯಿ ಬಿಡಬೇಡಿ. ಮೂವತ್ತು ವರ್ಷ ಕಂಬ ಹತ್ತಿ ಫಾಲ್ಟ್ ಹುಡುಕಿದ ಮನುಷ್ಯ ಅವರು, ಕೈಯಾರೆ ನೋಡಿದ್ದನ್ನು ನಂಬುವ ಅಭ್ಯಾಸ ಅವರಿಗೆ ನಿಮಗಿಂತ ಜಾಸ್ತಿಯೇ ಇದೆ. ಆಮೇಲೆ ಬೇಕಾದರೆ ಒಂದು ಮಾತು ಕೇಳಿ: ಅಕ್ಕಿಗಿಂತ ಪ್ಲಾಸ್ಟಿಕ್ಕೇ ದುಬಾರಿ, ಕಲಬೆರಕೆ ಮಾಡೋನು ದುಬಾರಿ ಮಾಲನ್ನು ಯಾಕಪ್ಪ ಸೇರಿಸ್ತಾನೆ?

ಅಮ್ಮನ ವಿಷಯ ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ರಕ್ತ ಕಡಿಮೆ ಇರುವ ಹೆಂಗಸು ಮಂಡಿ ಮಡಚಿ ಕೂತು, ಕಬ್ಬಿಣಾಂಶ ಇರೋ ಕಾಳುಗಳನ್ನೇ ಹುಡುಕಿ ಹುಡುಕಿ ಎಸೆಯುತ್ತಿದ್ದಾರೆ. ಇದನ್ನು ಅಪ್ಪನಿಗೆ ಸಿಟ್ಟಿಲ್ಲದೆ ಹೇಳಿ. ಹೀಗೆ ಕಬ್ಬಿಣಾಂಶ ಸೇರಿಸಿದ ಅಕ್ಕಿ ಎಲ್ಲರಿಗೂ ಬೇಕೇ ಅಂತ ವಿಜ್ಞಾನಿಗಳಲ್ಲೇ ಚರ್ಚೆ ನಡೆದಿದೆ, ಅಪ್ಪ ಅದನ್ನು ಕೇಳಿದರೆ ಒಳ್ಳೆಯ ಪ್ರಶ್ನೆ, ಡಾಕ್ಟರ ಹತ್ತಿರ ಇಬ್ಬರೂ ಹೋಗಿ ಕೇಳಿ. ಆದರೆ ಆ ದಿನ ಅಕ್ಕಿ ಬಿಟ್ಟು ಬೇರೇನೂ ಎತ್ತಬೇಡಿ. ಮೊಬೈಲ್ ಟವರ್, ನೋಟಿನ ಚಿಪ್, ಕೊರೋನಾ ಎಲ್ಲ ಒಟ್ಟಿಗೆ ತೆಗೆದರೆ ಅವರು ಮತ್ತೆ ಗೋಡೆ ಕಟ್ಟಿಕೊಳ್ಳುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಇಷ್ಟೊಂದು ನಿಧಾನ ಬೇಡ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಥರದ್ದನ್ನು ಅಪ್ಪ ಕಳಿಸಿದರೆ ಆ ಕ್ಷಣವೇ ಫೋನ್ ಮಾಡಿ, ಎತ್ತದಿದ್ದರೆ ಅಮ್ಮನಿಗೆ ಮಾಡಿ, ಡಿಲೀಟ್ ಮಾಡಿಸಿ. 2018ರಲ್ಲಿ ಬೈಕಿನಲ್ಲಿ ಮಗುವನ್ನು ಎತ್ತಿಕೊಂಡು ಹೋಗೋ ವಿಡಿಯೋ ದೇಶವೆಲ್ಲ ಓಡಾಡಿತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ್ದ ಜಾಗೃತಿ ಚಿತ್ರ, ಕೊನೆಯ ಭಾಗ ಕತ್ತರಿಸಿ ಹರಡಿದ್ದರು. ಅದೇ ವರ್ಷ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂದು ಜನ ಹೊಡೆದು ಅಮಾಯಕರು ಸತ್ತರು. ಮುರ್ಕಿಯಲ್ಲಿ ಸತ್ತ ಹೈದರಾಬಾದಿನ ಯುವಕನ ಜೊತೆಯವರು ಮಾಡಿದ್ದು ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದು, ಅಷ್ಟೇ. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಬೇಕು, ಗ್ರೂಪಿಗೆ ಹಾಕಬಾರದು. ಇಷ್ಟನ್ನು ಅಪ್ಪನಿಂದ ಮಾತು ತೆಗೆದುಕೊಳ್ಳಿ.

ಪ್ರಶ್ನೆ: ನನ್ನ ಮಗಳಿಗೆ ಹತ್ತು ತಿಂಗಳು. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರ–ರುಬೆಲ್ಲಾ ಚುಚ್ಚುಮದ್ದು ಹಾಕಿಸಿಲ್ಲ. ಮುಂದೆ ಮಕ್ಕಳಾಗದ ಹಾಗೆ ಮಾಡೋಕೆ ಅದನ್ನು ಕೊಡ್ತಾರಂತೆ ಅಂತ ಅತ್ತೆ ಬಿಡುತ್ತಿಲ್ಲ. ನಮ್ಮೆಜಮಾನರು 'ಅಮ್ಮನಿಗೆ ಬೇಜಾರು ಬೇಡ, ಮುಂದಿನ ತಿಂಗಳು ನೋಡೋಣ' ಅಂತಾರೆ. ಅತ್ತೆಯನ್ನು ಹೇಗೆ ಒಪ್ಪಿಸಲಿ?
— ಒಬ್ಬ ಸೊಸೆ, ಅರಸೀಕೆರೆ

ಉತ್ತರ: ಒಪ್ಪಿಸೋವರೆಗೆ ಕಾಯಬೇಡಿ ತಾಯಿ. ಅಪ್ಪನ ಅಕ್ಕಿ ಒಂದು ತಿಂಗಳು ಕಾದರೂ ನಡೆಯುತ್ತದೆ, ದಡಾರ ಕಾಯೋದಿಲ್ಲ. ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ಮೊದಲ ಡೋಸ್, 16ರಿಂದ 24 ತಿಂಗಳೊಳಗೆ ಎರಡನೆಯದು. ನಿಮಗಿನ್ನೂ ಹೊತ್ತು ಮೀರಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿ ಲಸಿಕೆ ದಿನ ಗೊತ್ತುಮಾಡಿಕೊಳ್ಳಿ, ತಾಯಿ ಕಾರ್ಡ್ ತಗೊಂಡು ಹೋಗಿ. ಕದ್ದು ಹೋಗಬೇಡಿ. 'ಗುರುವಾರ ಹಾಕಿಸ್ತಿದ್ದೀವಿ ಅಮ್ಮ' ಅಂತ ಯಜಮಾನರೇ ಅಮ್ಮನಿಗೆ ಹೇಳಲಿ, ಸೊಸೆಯ ಬಾಯಲ್ಲಿ ಬಂದರೆ ಅದು ಅತ್ತೆ–ಸೊಸೆ ಜಗಳವಾಗಿ ಬಿಡುತ್ತದೆ.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಈ ಲಸಿಕೆಯ ಅಭಿಯಾನ ಶುರುವಾದಾಗಲೂ ಇಂಥ ಮಾತುಗಳು ಓಡಾಡಿದ್ದವು. ಅದಕ್ಕೂ ಮೊದಲು ಪೋಲಿಯೋ ಹನಿಯ ಬಗ್ಗೆ ಇದೇ ಕಥೆ, ಮಕ್ಕಳಾಗಲ್ಲ ಅಂತ. ನಿಮ್ಮ ಯಜಮಾನರು ಚಿಕ್ಕವರಿದ್ದಾಗ ಅತ್ತೆಯೇ ಅವರನ್ನು ಸೊಂಟದ ಮೇಲೆ ಹೊತ್ತು ಬೂತಿಗೆ ಹೋಗಿ ಹನಿ ಹಾಕಿಸಿರುತ್ತಾರೆ. ಸುಮ್ನೆ ಒಂದು ಸಂಜೆ ಆ ದಿನಗಳ ಬಗ್ಗೆ ಕೇಳಿ. ಹನಿ ಹಾಕಿಸಿಕೊಂಡ ಮಗ ಈಗ ಅಪ್ಪನಾಗಿದ್ದಾನೆ, ಅವನ ಮಗಳೇ ಅವರ ತೊಡೆ ಮೇಲಿದ್ದಾಳೆ. ನೀವು ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇನ್ನೊಂದು, ಇದನ್ನು ಮರೀಬೇಡಿ. ಚುಚ್ಚಿಸಿದ ಒಂದು ವಾರ, ಹತ್ತು ದಿನಕ್ಕೆ ಕೆಲವು ಮಕ್ಕಳಿಗೆ ಸ್ವಲ್ಪ ಜ್ವರ ಬರುತ್ತದೆ, ಮೈಮೇಲೆ ಸಣ್ಣ ದದ್ದು ಏಳುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಜ್ವರ ಜಾಸ್ತಿಯಾದರೆ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಇದನ್ನು ಅತ್ತೆಗೆ ಗುರುವಾರವೇ ಹೇಳಿಬಿಡಿ, ಜ್ವರ ಬರೋ ಮೊದಲೇ. ಯಾರೂ ಹೇಳದೆ ಜ್ವರ ಬಂದರೆ ಅದೇ ಅವರಿಗೆ ಸಾಕ್ಷಿಯಾಗುತ್ತದೆ. ಮೊದಲೇ ಗೊತ್ತಿದ್ದರೆ, ರಾತ್ರಿ ಎದ್ದು ಮಗುವಿನ ಹಣೆ ಮುಟ್ಟಿ ನೋಡೋರು ಅವರೇ ಆಗಿರುತ್ತಾರೆ.