ಕಾದಂಬರಿಯನ್ನೂ ಅದರ ಸಿನಿಮಾವನ್ನೂ ಹೋಲಿಸಿ ಬರೆಯುವುದು ಹೇಗೆ?

ನಿಮ್ಮ ಪ್ರಶ್ನೆ ಹೀಗಿದೆ: ಎಂ.ಎ. ಸೆಮಿನಾರಿಗೆ ಒಂದು ಕನ್ನಡ ಕಾದಂಬರಿಯನ್ನೂ ಅದರ ಮೇಲೆ ಬಂದ ಸಿನಿಮಾವನ್ನೂ ಇಟ್ಟುಕೊಂಡು 15 ನಿಮಿಷ ಮಾತಾಡಬೇಕು, ಆದರೆ ಎಷ್ಟು ಸಲ ಬರೆಯಲು ಕೂತರೂ 'ಇದನ್ನು ಬಿಟ್ಟಿದ್ದಾರೆ, ಅದನ್ನು ಸೇರಿಸಿದ್ದಾರೆ, ಒಟ್ಟಿನಲ್ಲಿ ಪುಸ್ತಕವೇ ಚೆನ್ನಾಗಿದೆ' ಎನ್ನುವಲ್ಲಿಗೇ ಬಂದು ನಿಲ್ಲುತ್ತದೆ.

ನೀವು ಕಥೆಗೂ ಕಥೆಗೂ ಹೋಲಿಕೆ ಮಾಡುತ್ತಿದ್ದೀರಿ, ಅದಕ್ಕೇ ಹೀಗಾಗುತ್ತಿದೆ. ಪುಸ್ತಕದಿಂದ ತೆರೆಗೆ ಸುಲಭವಾಗಿ ದಾಟುವುದೇ ಕಥೆ. ದಾಟದೆ ಉಳಿಯುವುದು ವಾಕ್ಯ. ಹಾಗಾಗಿ ಇಡೀ ಕಾದಂಬರಿಯನ್ನು ಬಿಡಿ. ಒಂದು ಪುಟ ತೆಗೆದುಕೊಳ್ಳಿ, ಅದಕ್ಕೆ ಎದುರಾಗಿ ಸಿನಿಮಾದ ಮೂರು ನಿಮಿಷ ಇಡಿ.

'ಸಂಸ್ಕಾರ'ದ ಮೊದಲ ಪುಟವನ್ನೇ ನೋಡಿ. ಅನಂತಮೂರ್ತಿಯವರ ಕಾದಂಬರಿ ಬಂದದ್ದು 1965ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರಲ್ಲಿ. ಕಾದಂಬರಿ ಶುರುವಾಗುವುದೇ ಪ್ರಾಣೇಶಾಚಾರ್ಯರು ರೋಗಿಷ್ಠ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುವುದರಿಂದ. ಒಣಗಿದ ಮೈಗೆ ಮಡಿಯುಡಿಸಿ, ದೇವರ ಪೂಜೆ ಮುಗಿಸಿ, ಪ್ರಸಾದದ ಹೂವನ್ನು ಅವಳಿಗೆ ಮುಡಿಸಿ, ತೀರ್ಥ ಕೊಟ್ಟು, ಆಮೇಲೆ ಗಂಜಿ ತರುತ್ತಾರೆ. ಇದೆಲ್ಲ ನಿತ್ಯದ ಕೆಲಸ ಎಂದು ಹೇಳಲು ಲೇಖಕರಿಗೆ ಒಂದೇ ಒಂದು ಪದ ಸಾಕು. ಆ ಪದದೊಳಗೆ ವರ್ಷಗಟ್ಟಲೆ ಬೆಳಗುಗಳು ಕೂತಿವೆ, ಆಚಾರ್ಯರ ತ್ಯಾಗವೂ ಆ ತ್ಯಾಗದ ಬಗ್ಗೆ ಅವರಿಗೇ ಇರುವ ಸಮಾಧಾನವೂ ಕೂತಿವೆ. ಕ್ಯಾಮೆರಾಕ್ಕೆ 'ದಿನಾಲೂ' ಎಂಬ ಕ್ರಿಯಾವಿಶೇಷಣ ಇಲ್ಲ. ಅದು ತೋರಿಸಬಲ್ಲದ್ದು ಒಂದು ದಿನವನ್ನು, ಈ ಬೆಳಗನ್ನು, ಈ ಚೊಂಬಿನ ನೀರನ್ನು ಮಾತ್ರ.

ನಿರ್ದೇಶಕ ಏನು ಮಾಡಬಹುದು? ಅದೇ ದೃಶ್ಯವನ್ನು ಎರಡು ಸಲ ತೋರಿಸಬಹುದು. ನಟನ ಕೈಯಲ್ಲಿ ಪಳಗಿದ ಚುರುಕು ತರಿಸಬಹುದು: ಸೆರಗು ಎಲ್ಲಿದೆ, ಬಟ್ಟಲು ಎಲ್ಲಿದೆ ಎಂದು ಹುಡುಕದ ಕೈ ನೋಡಿದರೆ ಇದು ಮೊದಲ ದಿನವಲ್ಲ ಎಂದು ಗೊತ್ತಾಗುತ್ತದೆ. ಮೂರನೆಯವರ ಬಾಯಲ್ಲಿ ಹೇಳಿಸಬಹುದು, ಅದು ಅಗ್ಗದ ದಾರಿ. ಈಗ ಸಿನಿಮಾ ಹಾಕಿ, ಗಿರೀಶ ಕಾರ್ನಾಡರ ಆಚಾರ್ಯರು ಹೆಂಡತಿಯ ಜೊತೆಗಿರುವ ಕ್ಷಣಗಳು ಎಲ್ಲೆಲ್ಲಿ ಬರುತ್ತವೆ, ತಲಾ ಎಷ್ಟು ಸೆಕೆಂಡು, ಈ ದಾರಿಗಳಲ್ಲಿ ಯಾವುದನ್ನು ಹಿಡಿದಿದ್ದಾರೆ ಎಂದು ಬರೆದುಕೊಳ್ಳಿ. ನಿಮ್ಮ ಸೆಮಿನಾರಿನ ಮೊದಲ ಐದು ನಿಮಿಷಕ್ಕೆ ಇಷ್ಟು ಸಾಕು.

ಅದೇ ಕಾದಂಬರಿಯಲ್ಲಿ ಇನ್ನೊಂದು ಕಷ್ಟದ ವಿಷಯ ವಾಸನೆ. ಅಗ್ರಹಾರದಲ್ಲಿ ಸತ್ತ ನಾರಣಪ್ಪನ ಹೆಣ ಸಂಸ್ಕಾರವಾಗದೆ ಕೊಳೆಯುತ್ತಿದೆ, ಇಲಿಗಳು ಹೊರಗೆ ಬಂದು ಸಾಯುತ್ತಿವೆ, ಹದ್ದುಗಳು ಮಾಡಿನ ಮೇಲೆ ಕೂತಿವೆ. ಪುಟದ ಮೇಲೆ ನಾತವನ್ನು ನೇರವಾಗಿ ಹೇಳಬಹುದು. ತೆರೆಯ ಮೇಲೆ ಇಲಿ, ಹದ್ದು, ಮೂಗಿಗೆ ಹೋಗುವ ಪಂಚೆಯ ಅಂಚು, ಇವು ಮಾತ್ರ ಕಾಣುತ್ತವೆ. ನಾತ ಅನುಭವದಿಂದ ಜಾರಿ ಗುರುತಾಗಿಬಿಡುತ್ತದೆ. ಇದನ್ನು ಸಿನಿಮಾದ ದೋಷ ಎಂದು ಬರೆಯಬೇಡಿ. ಆ ಕೊರತೆಯನ್ನು ಟಾಮ್ ಕೋವನ್ ಅವರ ಕಪ್ಪು-ಬಿಳುಪು ಕ್ಯಾಮೆರಾ ಯಾವುದರಿಂದ ತುಂಬಿಸಿದೆ ಎಂದು ಹುಡುಕಿ.

ಕಾದಂಬರಿಯ ಮೂರನೇ ಭಾಗ ನಿಜವಾದ ಪರೀಕ್ಷೆ. ಅಲ್ಲಿ ಆಚಾರ್ಯರು ನಡೆಯುತ್ತಾರೆ, ದಾರಿಯಲ್ಲಿ ಸಿಕ್ಕ ಪುಟ್ಟ ಎಂಬವನು ಹಿಂದೆ ಬೀಳುತ್ತಾನೆ, ಮೇಳಿಗೆಯ ತೇರು ಬರುತ್ತದೆ. ಆದರೆ ಪುಟಗಳ ಬಹುಭಾಗ ನಡೆಯುವುದು ಅವರ ತಲೆಯೊಳಗಿನ ವಾದ. ಚಿತ್ರಕಥೆ ಬರೆದವರೂ ಕಾರ್ನಾಡರೇ, ಆ ಮುಖ ಹೊತ್ತವರೂ ಅವರೇ. ಹಾಗಾಗಿ ಬರಹದಲ್ಲಿ ಕಳೆದದ್ದನ್ನು ನಟನೆಯಲ್ಲಿ ವಾಪಸು ತರುವ ಪ್ರಯತ್ನ ಇದೆಯೇ ಎಂದು ಕೇಳುವುದು ನ್ಯಾಯ. ಈ ಭಾಗದಲ್ಲಿ ಮುಖ ಹತ್ತಿರದಿಂದ ಕಾಣುವ ಶಾಟ್ ಎಷ್ಟು, ದಾರಿಯ ಮೇಲೆ ಚಿಕ್ಕ ಆಕೃತಿಯಾಗಿ ಕಾಣುವ ಶಾಟ್ ಎಷ್ಟು ಎಂದು ಎಣಿಸಿ. ಎಣಿಕೆ ಕೈಯಲ್ಲಿದ್ದರೆ ಯಾರು ಪ್ರಶ್ನೆ ಕೇಳಿದರೂ ತಡವರಿಸಬೇಕಿಲ್ಲ.

ಕೆಲಸದ ಕ್ರಮ ಹೀಗಿರಲಿ. ಮೊದಲು ಓದಿ, ಒಂದು ವಾರ ಬಿಟ್ಟು ಸಿನಿಮಾ ನೋಡಿ. ಓದಿದ ದಿನವೇ ನೋಡಿದರೆ ಕಣ್ಣು ಬಿಟ್ಟುಹೋದದ್ದನ್ನು ಮಾತ್ರ ಹುಡುಕುತ್ತದೆ. ಮೊದಲ ಸಲ ಎಲ್ಲೂ ನಿಲ್ಲಿಸದೆ ನೋಡಿ. ಎರಡನೇ ಸಲ ಹಾಳೆಯಲ್ಲಿ ನಾಲ್ಕು ಅಂಕಣ ಹಾಕಿಕೊಳ್ಳಿ: ಪುಸ್ತಕದ ಜಾಗ, ಸಿನಿಮಾದ ನಿಮಿಷ-ಸೆಕೆಂಡು, ಯಾರ ಕಣ್ಣಿನಿಂದ ಕಾಣುತ್ತಿದೆ, ಏನು ಕೇಳಿಸುತ್ತಿದೆ. ಪುಟಸಂಖ್ಯೆ ಮಾತ್ರ ಬರೆದರೆ ಆವೃತ್ತಿ ಬದಲಾದಾಗ ಎಲ್ಲ ತಪ್ಪಾಗುತ್ತದೆ, ಭಾಗವನ್ನೂ ಅಧ್ಯಾಯವನ್ನೂ ಬರೆಯಿರಿ. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಎಷ್ಟೇ ಸೊಗಸಾಗಿದ್ದರೂ ಈ ಕೆಲಸಕ್ಕೆ ಮೂಲವನ್ನೇ ಹಿಡಿಯಿರಿ. ಇಲ್ಲವಾದರೆ ನೀವು ಮೂರು ಕೃತಿಗಳನ್ನು ಹೋಲಿಸುತ್ತಿರುತ್ತೀರಿ, ಅದು ನಿಮಗೇ ಗೊತ್ತಾಗುವುದಿಲ್ಲ.

ಬಹಳ ಜನ ಎಡವುವುದು ಸಿನಿಮಾದ ಪ್ರತಿಯಲ್ಲಿ. ಅಂತರ್ಜಾಲದಲ್ಲಿ ಸಿಗುವ ಹಳೆಯ ಚಿತ್ರಗಳಲ್ಲಿ ಎಷ್ಟೋ ಕಡೆ ರೀಲು ಹಾರಿರುತ್ತದೆ. ಪ್ರತಿಯಲ್ಲಿ ಇಲ್ಲದ ದೃಶ್ಯವನ್ನು 'ನಿರ್ದೇಶಕರು ಕೈಬಿಟ್ಟಿದ್ದಾರೆ' ಎಂದು ಬರೆದು ಸಿಕ್ಕಿಬೀಳಬೇಡಿ. ಚಿತ್ರದ ಶುರುವಿನಲ್ಲಿ ಸೆನ್ಸಾರ್ ಪ್ರಮಾಣಪತ್ರ ಉಳಿದಿದ್ದರೆ ಅದರಲ್ಲಿ ಉದ್ದ ಮೀಟರಿನಲ್ಲಿ ಇರುತ್ತದೆ. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ನಿಮಿಷಕ್ಕೆ ಸುಮಾರು 27.4 ಮೀಟರ್. ಅಂದರೆ 3,000 ಮೀಟರ್ ಎಂದಿದ್ದರೆ ಸುಮಾರು 109 ನಿಮಿಷ ಇರಬೇಕು. ನಿಮ್ಮ ಪ್ರತಿ 95 ನಿಮಿಷಕ್ಕೇ ಮುಗಿದರೆ ಏನೋ ಹೋಗಿದೆ. ಆದರೆ ನಾಲ್ಕೈದು ನಿಮಿಷ ಕಮ್ಮಿ ಇದ್ದರೆ ಗಾಬರಿ ಬೇಡ. ನಮ್ಮ ಟಿವಿ ಪದ್ಧತಿ ಸೆಕೆಂಡಿಗೆ 25 ಫ್ರೇಮು, ಹಾಗಾಗಿ ಟಿವಿಗೆಂದು ಮಾಡಿದ ಪ್ರತಿ ಏನೂ ಕತ್ತರಿಸದಿದ್ದರೂ ನೂರಕ್ಕೆ ನಾಲ್ಕರಷ್ಟು ಬೇಗ ಮುಗಿಯುತ್ತದೆ, 120 ನಿಮಿಷದ್ದು 115ಕ್ಕೆ.

ಕಾದಂಬರಿ ಬದಲು ಸಣ್ಣಕಥೆ ಹಿಡಿದರೆ ಕೆಲಸ ಹಗುರವೂ ಹೌದು, ಆಳವೂ ಹೌದು. ಕಾದಂಬರಿಯಿಂದ ಬರುವ ನಿರ್ದೇಶಕ ಕತ್ತರಿಸಲೇಬೇಕು, ಸಣ್ಣಕಥೆಯಿಂದ ಬರುವವನು ಸೇರಿಸಲೇಬೇಕು. ಕತ್ತರಿಸಿದ್ದಕ್ಕೆ ಸಮಯವೇ ಕಾರಣ ಎನ್ನಬಹುದು, ಸೇರಿಸಿದ್ದಕ್ಕೆ ಯಾವ ನೆಪವೂ ಇಲ್ಲ. ಅಲ್ಲಿ ಇರುವುದೆಲ್ಲ ಆತನ ಆಲೋಚನೆ. ಇದಕ್ಕೆ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ತುಂಬಾ ಒಳ್ಳೆಯದು. ಅದರ ಮೂಲವಾದ ಅನಂತಮೂರ್ತಿಯವರ ಕಥೆಯನ್ನು ನಾಣಿ ಎಂಬ ಹುಡುಗನೇ 'ನಾನು' ಎಂದು ಹೇಳುತ್ತಾನೆ. ಕ್ಯಾಮೆರಾ 'ನಾನು' ಎನ್ನಲಾರದು, ಹುಡುಗನ ಎತ್ತರದಲ್ಲಿ, ಹುಡುಗನ ಪಕ್ಕದಲ್ಲಿ ನಿಲ್ಲಬಹುದು ಅಷ್ಟೆ. ನಾಣಿ ಇಲ್ಲದ ದೃಶ್ಯಗಳು ಸಿನಿಮಾದಲ್ಲಿ ಇವೆಯೇ ಎಂದು ಗುರುತು ಹಾಕಿ. ಇದ್ದರೆ ಅವನ್ನು ನೋಡುತ್ತಿರುವವರು ಯಾರು ಎಂದು ಕೇಳಿ. ಇದೇ ಕಥೆಯಿಂದ ಅರುಣ್ ಕೌಲ್ 1991ರಲ್ಲಿ ಹಿಂದಿಯಲ್ಲಿ 'ದೀಕ್ಷಾ' ಮಾಡಿದ್ದಾರೆ. ಒಂದು ಕಥೆಗೆ ಇಬ್ಬರು ನಿರ್ದೇಶಕರ ಉತ್ತರ ಸಿಗುವುದು ಅಪರೂಪ. 'ಘಟಶ್ರಾದ್ಧ'ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಗಿದೆ. ಅದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ, ಕತ್ತಲೆಯ ದೃಶ್ಯಗಳಲ್ಲಿ ಮಾಸಿದ ಪ್ರತಿ ನಂಬುವಂಥದ್ದಲ್ಲ.

'ನಾಗರಹಾವು' (1972) ಬೇಡ ಎನ್ನುತ್ತೇನೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಒಂದು ಸಿನಿಮಾ ಮಾಡಿದ್ದಾರೆ, 15 ನಿಮಿಷದಲ್ಲಿ ಅದರ ಲೆಕ್ಕ ಮುಗಿಯುವುದಿಲ್ಲ. ಅದರಲ್ಲೇ ಮಾಡಬೇಕೆಂದಿದ್ದರೆ ಹಾಡುಗಳನ್ನು ಮಾತ್ರ ಹಿಡಿಯಿರಿ. ಓಬವ್ವನ ಹಾಡು ಕಥೆಯ ಎಳೆಯನ್ನು ಮುಂದಕ್ಕೆ ಒಯ್ಯುವುದಿಲ್ಲ, ಆದರೆ ಚಿತ್ರದುರ್ಗದ ಕಲ್ಲುಕೋಟೆಯನ್ನು ಒಂದು ಪಾತ್ರವಾಗಿಸುತ್ತದೆ.

ನನ್ನನ್ನು ಕೇಳಿದರೆ ನಿಮ್ಮ ಸೆಮಿನಾರಿಗೆ 'ಚೋಮನ ದುಡಿ'ಯ ಕೊನೆಯನ್ನು ತೆಗೆದುಕೊಳ್ಳಿ. ಶಿವರಾಮ ಕಾರಂತರ ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. ಚೋಮನಾಗಿ ಎಂ.ವಿ. ವಾಸುದೇವರಾವ್ ಇದ್ದಾರೆ. ಇಲ್ಲಿ ತಕ್ಕಡಿ ತಿರುಗುತ್ತದೆ. ಕಾದಂಬರಿ ದುಡಿಯ ಸದ್ದನ್ನು ಹೇಳಬಹುದಷ್ಟೆ, ಸಿನಿಮಾ ಅದನ್ನು ಬಾರಿಸುತ್ತದೆ. ರಂಗಸಂಗೀತ ಬಲ್ಲ ನಿರ್ದೇಶಕರ ಕೈಯಲ್ಲಂತೂ ಆ ಚರ್ಮವಾದ್ಯ ಮಾತಿಗಿಂತ ಮುಂದೆ ಹೋಗುತ್ತದೆ. ಪುಸ್ತಕದಲ್ಲಿ ದುಡಿ ಬರುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿ: ಆಗ ಚೋಮ ಕುಡಿದಿದ್ದಾನೆಯೇ, ಸಿಟ್ಟಿನಲ್ಲಿದ್ದಾನೆಯೇ, ಮಕ್ಕಳು ಹತ್ತಿರ ಇದ್ದಾರೆಯೇ ಎಂದು ಪಕ್ಕದಲ್ಲಿ ಬರೆಯಿರಿ. ಆಮೇಲೆ ಸಿನಿಮಾದ ಆ ಜಾಗಗಳನ್ನು ಒಂದು ಸಲ ಕಣ್ಣುಮುಚ್ಚಿ ಕೇಳಿ, ಒಂದು ಸಲ ಸದ್ದು ಅಡಗಿಸಿ ನೋಡಿ. ಸೆಮಿನಾರಿನಲ್ಲಿ ಕೊನೆಯ ಎರಡು ನಿಮಿಷ ನೀವು ಮಾತಾಡಬೇಡಿ. ಕಾದಂಬರಿಯ ಕೊನೆಯ ಪ್ಯಾರಾ ಗಟ್ಟಿಯಾಗಿ ಓದಿ, ಆ ದೃಶ್ಯದ ಸದ್ದನ್ನಷ್ಟೇ ಹಾಕಿ, ಆಮೇಲೆ ಪ್ರಶ್ನೆಗೆ ಬಿಡಿ.