ಲೂಥರನ್ ಕಾಲೇಜು ಅಂದರೆ ಪಾದ್ರಿ ಕಾಲೇಜಲ್ಲ

ನಮಸ್ಕಾರ ಸರ್. ದಾವಣಗೆರೆಯಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾಗೆ ಬಂದು ಎಂಟು ತಿಂಗಳಾಯಿತು, ಮಗಳಿಗೆ ಇಲ್ಲಿನ ಪೆಸಿಫಿಕ್ ಲೂಥರನ್ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ, ಕಂಪ್ಯೂಟರ್ ಸೈನ್ಸ್ ಓದುವವಳಿಗೆ ಧರ್ಮದ ಕ್ಲಾಸ್ ಯಾಕೆ, ಲಿಬರಲ್ ಆರ್ಟ್ಸ್ ಅಂದರೆ ನಮ್ಮ ಬಿ.ಎ. ತಾನೇ, ಮತಾಂತರ ಗಿತಾಂತರ ಏನಾದರೂ ನಡೆಯುತ್ತಾ ಅಂತ ಕೇಳಿದ್ದೀರಿ. ನಾವು ಬಂದು ಇಪ್ಪತ್ತು ವರ್ಷ ದಾಟಿತು. ಮಗ ಓದಿದ್ದು ಅಲ್ಲೇ, 2018ರಲ್ಲಿ ಮುಗಿಸಿದ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಆ 'ಆರ್ಟ್ಸ್' ಅನ್ನೋ ಮಾತು. ನಮ್ಮ ಕಡೆ ಪಿಯುಸಿಯಲ್ಲಿ ಸೈನ್ಸ್ ಸಿಗದವರು ಆರ್ಟ್ಸ್‌ಗೆ ಹೋಗುತ್ತಾರೆ ಅಂತ ಒಂದು ನಂಬಿಕೆ ಇದೆಯಲ್ಲ, ಅದನ್ನು ಇಲ್ಲಿಗೆ ತರಬೇಡಿ. ಗಣಿತ, ಫಿಸಿಕ್ಸ್ ಎಲ್ಲ ಲಿಬರಲ್ ಆರ್ಟ್ಸ್ ಒಳಗೇ ಬರುತ್ತವೆ. ವ್ಯತ್ಯಾಸ ಇರೋದು ಬೇರೆ ಕಡೆ. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಮೊದಲ ದಿನವೇ ಬ್ರಾಂಚ್ ಬರೆದುಕೊಟ್ಟು ನಾಲ್ಕು ವರ್ಷ ಅದರಲ್ಲೇ ಇರುತ್ತೀವಲ್ಲ, ಇಲ್ಲಿ ಹಾಗಿಲ್ಲ. ಡಿಗ್ರಿಗೆ 128 ಕ್ರೆಡಿಟ್ ಬೇಕು. ಹೆಚ್ಚಿನ ಕೋರ್ಸ್ 4 ಕ್ರೆಡಿಟ್‌ನವು, ಅಂದರೆ ಸುಮಾರು 32 ಕೋರ್ಸ್. ಅದರಲ್ಲಿ ಒಂದು ಭಾಗ ಮಾತ್ರ ಮೇಜರ್, ಅಂದರೆ ಅವಳ ಮುಖ್ಯ ವಿಷಯ. ಉಳಿದದ್ದು ಎಲ್ಲರಿಗೂ ಬೇಕಾದ ಸಾಮಾನ್ಯ ವಿಷಯಗಳು ಮತ್ತು ಅವಳಿಗೆ ಇಷ್ಟ ಬಂದದ್ದು. ಮೊದಲ ವರ್ಷವೇ ಬರವಣಿಗೆಯ ಕ್ಲಾಸ್ ಇರುತ್ತದೆ. ಕೊನೆಯ ವರ್ಷ ಕ್ಯಾಪ್‌ಸ್ಟೋನ್ ಅಂತ ಸ್ವಂತ ಪ್ರಾಜೆಕ್ಟ್ ಮಾಡಿ ಎಲ್ಲರ ಮುಂದೆ ನಿಂತು ಹೇಳಬೇಕು. ನಮ್ಮ ಮಗನ ಕಾಲದಲ್ಲಿ ವ್ಯಾಯಾಮಕ್ಕೂ ಕ್ರೆಡಿಟ್ ಇತ್ತು, ಡಿಗ್ರಿಗೆ ಅದೂ ಲೆಕ್ಕ! ಆಮೇಲೆ ನಿಯಮ ಒಂದಿಷ್ಟು ಬದಲಾಗಿದೆ. ನನ್ನ ಮಾತಿಗಿಂತ ಅವಳು ಸೇರುವ ವರ್ಷದ ಕ್ಯಾಟಲಾಗ್ ಮುಖ್ಯ. ಆ ವರ್ಷದ ನಿಯಮವೇ ಅವಳಿಗೆ ಅನ್ವಯ.

ಇನ್ನು ಧರ್ಮದ ವಿಷಯ, ನಿಮ್ಮ ನಿಜವಾದ ಚಿಂತೆ ಅದೇ ಅಲ್ವಾ. 1890ರಲ್ಲಿ ನಾರ್ವೆಯಿಂದ ವಲಸೆ ಬಂದ ಲೂಥರನ್ ಪಂಥದ ಕ್ರೈಸ್ತರು ಕಟ್ಟಿದ ಸಂಸ್ಥೆ ಇದು. ಸ್ಥಾಪಕ ಬ್ಯುಗ್ ಹಾರ್‌ಸ್ಟಾಡ್ ಪಾದ್ರಿಯೇ. ಶಾಲೆಯ ಸಾಲ ತೀರಿಸೋಕೆ ಅಂತ 1898ರಲ್ಲಿ ಕೆನಡಾದ ಯೂಕಾನ್ ಕಡೆಗೆ ಚಿನ್ನ ಹುಡುಕಿಕೊಂಡು ಹೋಗಿ ಬರಿಗೈಲಿ ವಾಪಸ್ ಬಂದ ಪುಣ್ಯಾತ್ಮ. ಆ ಪಂಥಕ್ಕೆ ಹೆಸರು ಕೊಟ್ಟ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಸ್ವತಃ ಮೇಷ್ಟ್ರು, ವಿಟೆನ್‌ಬರ್ಗ್ ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಿದ್ದವರು. ಊರೂರಿನ ಆಡಳಿತದವರು ಶಾಲೆ ತೆರೆಯಬೇಕು, ಹೆಣ್ಣುಮಕ್ಕಳಿಗೂ ತೆರೆಯಬೇಕು ಅಂತ 1524ರಲ್ಲೇ ಬರೆದರು. ಚಮ್ಮಾರ ಹೊಲಿಯೋ ಚಪ್ಪಲಿಯೂ ಪಾದ್ರಿ ಮಾಡೋ ಪ್ರಾರ್ಥನೆಯಷ್ಟೇ ದೇವರ ಕೆಲಸ ಅನ್ನೋದು ಅವರ ವಾದ. ಕ್ಯಾಂಪಸ್‌ನಲ್ಲಿ ಮಾತೆತ್ತಿದರೆ 'ವೊಕೇಶನ್' (ದೇವರು ಕರೆದು ಕೊಟ್ಟ ಕೆಲಸ) ಅನ್ನುತ್ತಾರಲ್ಲ, ಅದರ ಬೇರು ಇಲ್ಲಿದೆ. ದಾವಣಗೆರೆಯವರಿಗೆ ಕಾಯಕ ಅಂದರೆ ಬೇಗ ಹೊಳೆಯುತ್ತದೆ. ಪೂರ್ತಿ ಒಂದೇ ಅಲ್ಲ, ಆದರೂ ನೆರೆಮನೆ.

ನಾನು ಮಂಗಳೂರಿನವಳು. 1834ರಲ್ಲಿ ಬಂದ ಬಾಸೆಲ್ ಮಿಶನ್ ಶಾಲೆ, ಹೆಂಚಿನ ಕಾರ್ಖಾನೆ ಎಲ್ಲ ನೋಡಿಯೇ ಬೆಳೆದವಳು. 1894ರ ಕನ್ನಡ ನಿಘಂಟಿನ ಕಿಟ್ಟೆಲ್ ಕೂಡ ಲೂಥರನ್ ಪಾದ್ರಿಯ ಮಗ. ಅವರೆಲ್ಲ ಬಂದದ್ದು ಮತಪ್ರಚಾರಕ್ಕೇ, ಅದನ್ನು ಮುಚ್ಚಿಡುವುದೇನಿಲ್ಲ. ಈ ಯೂನಿವರ್ಸಿಟಿ ಮಿಶನ್ ಅಲ್ಲ. ಚಾಪೆಲ್ ಇದೆ, ಇಷ್ಟ ಇದ್ದವರು ಹೋಗುತ್ತಾರೆ, ಹಾಜರಿ ಹಾಕುವವರಿಲ್ಲ. ಧರ್ಮದ ಕ್ಲಾಸ್ ಅಂದರೆ ಇತಿಹಾಸದ ಕ್ಲಾಸ್ ಇದ್ದ ಹಾಗೆ.

ಹೇಗೆ ಅಂತ ಹೇಳುತ್ತೇನೆ. ಮಗ ಬರೆದ ಮೊದಲ ಪೇಪರ್ ಶುರುವಾಗಿದ್ದೇ 'ಹಿಂದೂ ಧರ್ಮ ಅನಾದಿ, ಅದೊಂದು ಜೀವನ ಪದ್ಧತಿ' ಅಂತ. ವಾಪಸ್ ಬಂದಾಗ ಅಂಚಿನಲ್ಲಿ ಪೆನ್ಸಿಲ್ ಬರಹ: ಯಾರು ಹೇಳಿದರು? ಯಾವ ಗ್ರಂಥ? ಯಾವ ಕಾಲದಲ್ಲಿ? ಯಾರ ಜೀವನ ಪದ್ಧತಿ? ನಮ್ಮನೆಯವರಿಗೆ ಸಿಟ್ಟು ನೆತ್ತಿಗೇರಿತು, 'ನೋಡಿದ್ಯಾ, ಭೇದ ಮಾಡ್ತಾರೆ' ಅಂದರು. ಆಮೇಲೆ ಗೊತ್ತಾಯಿತು, 'ಬೈಬಲ್ ಹೇಳುತ್ತದೆ' ಅಂತ ಶುರುಮಾಡಿದ್ದ ಪಾದ್ರಿ ಮಗನೊಬ್ಬನ ಪೇಪರಿಗೂ ಅಷ್ಟೇ ಪೆನ್ಸಿಲ್ ಬಿದ್ದಿತ್ತು. ಇಬ್ಬರೂ ಲೈಬ್ರರಿಯಲ್ಲಿ ಒಟ್ಟಿಗೆ ಕೂತು ತಿದ್ದಿ ಬರೆದರು. ಈಗ ಮಗ ಕೆಲಸ ಮಾಡೋ ಕಡೆ ಡಿಸೈನ್ ಡಾಕ್ಯುಮೆಂಟ್ ಅವನ ಕೈಯಲ್ಲೇ ಬರೆಸುತ್ತಾರೆ. ಕೋಡ್ ಅವನಿಗಿಂತ ಚೆನ್ನಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ ಅಂತ ಅವನೇ ಹೇಳುತ್ತಾನೆ.

ಅಂದಹಾಗೆ ಅಲ್ಲಿನ ವಿದ್ಯಾರ್ಥಿಗಳನ್ನು 'ಲೂಟ್ಸ್' ಅಂತ ಕರೆಯುತ್ತಾರೆ. ನಮ್ಮತ್ತೆಗೆ ಅದು ಲೂಟಿ ಅಂತ ಕೇಳಿ, 'ಓದೋ ಮಕ್ಕಳಿಗೆ ಇದೆಂಥ ಹೆಸರು ಮಾರಾಯ್ತಿ' ಅಂದಿದ್ದರು.

ಜನವರಿ ಪೂರ್ತಿ ಜೆ-ಟರ್ಮ್, ಆ ತಿಂಗಳು ಒಂದೇ ವಿಷಯ. ಬಹಳ ಜನ ಆಗ ಮೇಷ್ಟ್ರ ಜೊತೆ ವಿದೇಶಕ್ಕೆ ಹೋಗುತ್ತಾರೆ. 2006ರ ಜನವರಿಯಲ್ಲಿ ಏಳೂ ಖಂಡಗಳಲ್ಲಿ ಒಂದೇ ಸಮಯಕ್ಕೆ ಇವರ ವಿದ್ಯಾರ್ಥಿಗಳಿದ್ದರು, ಅಂಟಾರ್ಕ್ಟಿಕಾದಲ್ಲೂ! ಅಮೆರಿಕದಲ್ಲಿ ಅದೇ ಮೊದಲು. ಕೇಳೋಕೆ ಚೆಂದ, ಆದರೆ ನಮ್ಮಂಥವರಿಗೆ ಒಂದು ಕೊಕ್ಕೆ ಇದೆ. ಇಂಡಿಯನ್ ಪಾಸ್‌ಪೋರ್ಟ್‌ಗೆ ಹೆಚ್ಚಿನ ದೇಶಗಳ ವೀಸಾ ಬೇಕು, ವಾಪಸ್ ಬರೋಕೆ ಅಮೆರಿಕದ ವೀಸಾ ಸ್ಟಾಂಪ್ ಚಾಲ್ತಿಯಲ್ಲಿರಬೇಕು. ಮಗನ ಸ್ಟಾಂಪ್ ಮುಗಿದಿತ್ತು, ನಾವು ನೋಡಿದ್ದು ನವೆಂಬರ್‌ನಲ್ಲಿ. ಅವನು ಆ ಜನವರಿ ಇಲ್ಲೇ ಕೂತು ಕುಂಬಾರಿಕೆ ಕಲಿತ. ಸೊಟ್ಟ ಬಾಯಿಯ ಒಂದು ಮಗ್ ಇವತ್ತಿಗೂ ನಮ್ಮ ಒಲೆ ಪಕ್ಕ ಇದೆ, ಸೌಟು ಇಡೋಕೆ.

ವೀಸಾ ಅಂದಾಗ ನೆನಪಾಯಿತು. ಮಗಳು ಎಚ್-4 (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡೋ ವೀಸಾ) ತಾನೇ? 21 ತುಂಬುವ ದಿನ ಅದು ಮುಗಿಯುತ್ತದೆ, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಬೇಕು, ಅಪ್ಪನ ಗ್ರೀನ್ ಕಾರ್ಡ್ ಸರದಿ ಬರೋವರೆಗೆ ಅದು ಕಾಯೋದಿಲ್ಲ. ಒಂದು ವರ್ಷ ಮುಂಚೆಯೇ ವಕೀಲರನ್ನು ಕೇಳಿ. ಎಚ್-4 ಮಕ್ಕಳಿಗೆ ಫೆಡರಲ್ (ಕೇಂದ್ರ) ಸರ್ಕಾರದ ಎಜುಕೇಶನ್ ಸಾಲ, ಗ್ರಾಂಟ್ ಸಿಗೋದಿಲ್ಲ, ಕಾಲೇಜೇ ಕೊಡೋ ಸ್ಕಾಲರ್‌ಶಿಪ್ ಸಿಗಬಹುದು. ಹಾಗಾಗಿ ಪಟ್ಟಿಯಲ್ಲಿ ಹಾಕಿರೋ ಫೀಸ್ ನೋಡಬೇಡಿ, ಸ್ಕಾಲರ್‌ಶಿಪ್ ಕಳೆದು ಕೈಯಿಂದ ಎಷ್ಟು ಹೋಗುತ್ತೆ ಅಂತ ನೋಡಿ, ಆ ಸ್ಕಾಲರ್‌ಶಿಪ್ ನಾಲ್ಕೂ ವರ್ಷಕ್ಕಾ, ಎಷ್ಟು ಜಿಪಿಎ ಉಳಿಸಿಕೊಳ್ಳಬೇಕು ಅಂತ ಬರವಣಿಗೆಯಲ್ಲಿ ಕೇಳಿ. ಡಿಗ್ರಿ ಬಿ.ಎ. ಆದರೆ ಒಪಿಟಿ (ಎಫ್-1ನವರಿಗೆ ಓದು ಮುಗಿದ ಮೇಲೆ ಕೆಲಸ ಮಾಡೋಕೆ ಸಿಗೋ ಅನುಮತಿ) ಕಡಿಮೆಯಾಗುತ್ತಾ ಅಂತ ಎಲ್ಲರೂ ಹೆದರಿಸುತ್ತಾರೆ. 12 ತಿಂಗಳ ಮೇಲೆ ಇನ್ನೂ 24 ತಿಂಗಳು ಸಿಗೋದು ಮೇಜರ್‌ನ ಸಿಐಪಿ ಕೋಡ್ (ಆ ವಿಷಯಕ್ಕೆ ಸರ್ಕಾರ ಕೊಟ್ಟ ಸಂಖ್ಯೆ) ಸ್ಟೆಮ್, ಅಂದರೆ ವಿಜ್ಞಾನ-ತಂತ್ರಜ್ಞಾನ-ಎಂಜಿನಿಯರಿಂಗ್-ಗಣಿತದ ಪಟ್ಟಿಯಲ್ಲಿದೆಯಾ ಅನ್ನೋದರ ಮೇಲೆ, ಬಿ.ಎ.ನಾ ಬಿ.ಎಸ್.ಆ ಅನ್ನೋದರ ಮೇಲಲ್ಲ. ನಿಮ್ಮ ಚಿಕ್ಕವನು ಹೈಸ್ಕೂಲ್ ಅಂದಿರಲ್ಲ, ರನ್ನಿಂಗ್ ಸ್ಟಾರ್ಟ್ ಅನ್ನೋ ಯೋಜನೆ ಬಗ್ಗೆ ಅವನ ಶಾಲೆಯಲ್ಲಿ ಕೇಳಿ. 11ನೇ ಕ್ಲಾಸ್‌ನಿಂದ ಕಮ್ಯುನಿಟಿ ಕಾಲೇಜ್ ಪಾಠ ಟ್ಯೂಷನ್ ಫೀಸ್ ಇಲ್ಲದೆ ಸಿಗುತ್ತದೆ.

ಎಲ್ಲರಿಗೂ ಇದೇ ಸರಿ ಅಂತ ನಾನು ಹೇಳೋದಿಲ್ಲ. ಸಿವಿಲ್ಲೋ ಮೆಕ್ಯಾನಿಕಲ್ಲೋ ಓದಲೇಬೇಕು ಅನ್ನೋ ಹುಡುಗಿಯಾದರೆ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಕಡೆ ನೋಡಿ ಅನ್ನುತ್ತಿದ್ದೆ. ಕಂಪ್ಯೂಟರ್ ಸೈನ್ಸ್ ಆದರೆ ತೊಂದರೆ ಇಲ್ಲ. ಒಂದೇ ಎಚ್ಚರಿಕೆ, ಅದರ ಕೋರ್ಸ್‌ಗಳು ಸರಪಳಿ ಇದ್ದ ಹಾಗೆ, ಒಂದು ಮುಗಿಸದೆ ಇನ್ನೊಂದಕ್ಕೆ ಬಿಡೋದಿಲ್ಲ. ಇಷ್ಟ ಬಂದದ್ದು ತಗೊಳ್ಳಬಹುದು ಅಂತ ಮೊದಲ ಸೆಮಿಸ್ಟರ್ ಸುಮ್ನೆ ಕಳೆದರೆ ಕೊನೆಗೆ ಅರ್ಧ ವರ್ಷ ಜಾಸ್ತಿ ಫೀಸ್ ಕಟ್ಟಬೇಕಾದೀತು. ಅಡ್ವೈಸರ್ ಜೊತೆ ಕೂತು ರಿಜಿಸ್ಟರ್ ಮಾಡಿದ ಮೇಲೆ ಅವಳ ನಾಲ್ಕು ಕೋರ್ಸ್ ಯಾವುದು ಅಂತ ನನಗೆ ಬರೆಯಿರಿ. ಅದರಲ್ಲಿ ಪ್ರೋಗ್ರಾಮಿಂಗೂ ಗಣಿತವೂ ಕಾಣದಿದ್ದರೆ ನಾನೇ ಫೋನ್ ಮಾಡುತ್ತೇನೆ.