ಹೂ ಬಿಟ್ಟ ಕಾಂಗ್ರೆಸ್ ಗಿಡ ತಿಪ್ಪೆಗೆ ಬೇಡ

ಪ್ರಶ್ನೆ: ಅಮ್ಮಾ, ತಿಪಟೂರಿನ ಹತ್ತಿರ ನಮ್ಮ ತಂದೆಯ ಎರಡು ಎಕರೆ ಜಮೀನು ನಾಲ್ಕು ವರ್ಷದಿಂದ ಬೀಳು ಬಿದ್ದಿದೆ. ಹೊಲದ ತುಂಬ ಕಾಂಗ್ರೆಸ್ ಗಿಡ, ಬದುವಿನ ಮೇಲೆ ಲಂಟಾನ. ಆಳು ಹಿಡಿದು ಕೀಳಿಸಬೇಕೆಂದಿದ್ದೇನೆ. ಕಿತ್ತದ್ದನ್ನು ಸುಡುವುದೋ, ಗೊಬ್ಬರ ಮಾಡುವುದೋ?

ಉತ್ತರ: ಯಾವಾಗ ಕೀಳಿಸುತ್ತೀರಿ ಅಂತ ನೀವು ಬರೆದಿಲ್ಲ. ಸುಡುವುದೋ ಗೊಬ್ಬರವೋ ಅನ್ನುವುದು ಅದರ ಮೇಲೇ ನಿಂತಿದೆ.

ನಾನು ತೋಟಕ್ಕಿಳಿದ ಮೊದಲ ವರ್ಷ ಬಿಳಿ ಹೂ ತುಂಬಿ ನಿಂತ ಗಿಡಗಳನ್ನೇ ಕೀಳಿಸಿ, ಗಾಡಿಗೆ ಹೇರಿ ತಿಪ್ಪೆಗೆ ಹಾಕಿಸಿದ್ದೆ. ಮುಂದಿನ ಮುಂಗಾರಿಗೆ ಆ ಗೊಬ್ಬರ ಹರಡಿದ ಕಡೆಯೆಲ್ಲ ರಾಗಿಗಿಂತ ಮೊದಲು ಅದೇ ಎದ್ದಿತು. ದುಡ್ಡು ಕೊಟ್ಟು ಬಿತ್ತಿಸಿದ ಹಾಗಾಯಿತು! ಒಂದು ಗಿಡಕ್ಕೆ 10,000ಕ್ಕೂ ಹೆಚ್ಚು ಬೀಜ. ತಿಪ್ಪೆಯ ಕಾವಿಗೆ ಅವೆಲ್ಲ ಸಾಯುವುದಿಲ್ಲ.

ಹಾಗಾಗಿ ಹದ ಮಳೆ ಬಿದ್ದು ಹದಿನೈದು ಇಪ್ಪತ್ತು ದಿನ ಆದಾಗ ಆಳು ಕರೆಯಿರಿ. ಆಗ ಗಿಡ ಕ್ಯಾರೆಟ್ ಸೊಪ್ಪಿನಂಥ ಎಲೆ ಹರಡಿಕೊಂಡು ನೆಲಕ್ಕೆ ಅಂಟಿಕೊಂಡಿರುತ್ತದೆ, ಹಸಿ ಮಣ್ಣಲ್ಲಿ ಬೇರು ಸಮೇತ ಬರುತ್ತದೆ. ಕುಡುಗೋಲಲ್ಲಿ ಕೊಯ್ಯಿಸಬೇಡಿ; ಬುಡದಿಂದ ಚಿಗುರಿ ಗೇಣುದ್ದಕ್ಕೇ ಹೂ ಬಿಡುತ್ತದೆ. ಆಳುಗಳಿಗೆ ತುಂಬು ತೋಳಿನ ಅಂಗಿ, ಕೈಗೆ ಪ್ಲಾಸ್ಟಿಕ್ ಚೀಲ, ಮೂಗಿಗೆ ಬಟ್ಟೆ ಇರಲಿ. ಬರಿಗೈಲಿ ಕಿತ್ತದ್ದಕ್ಕೆ ನನ್ನ ಮೊಣಕೈ ಮಡಿಕೆ ಈಗಲೂ ಮಳೆಗಾಲದಲ್ಲಿ ತುರಿಸುತ್ತದೆ. ಉಬ್ಬಸ ಇರುವವರನ್ನಂತೂ ಕರೆಯಲೇಬೇಡಿ.

ಹೂ ಬಿಡದ ಗಿಡ ಒಳ್ಳೆ ಗೊಬ್ಬರ. ನೆರಳಲ್ಲಿ ಮೂರಡಿ ಆಳದ ಗುಂಡಿ ತೆಗೆದು, ಒಂದು ಗೇಣು ಗಿಡ, ಮೇಲೆ ಸಗಣಿ ಬಗ್ಗಡ, ಒಂದಿಷ್ಟು ಮಣ್ಣು, ಹೀಗೇ ತುಂಬುತ್ತಾ ಬಂದು ಕೊನೆಗೆ ಮಣ್ಣು ಸಗಣಿ ಮೆತ್ತಿ ಮುಚ್ಚಿ. ನಾಲ್ಕೈದು ತಿಂಗಳು ಬಿಡಿ. ಹೂ ಬಿಟ್ಟದ್ದಾದರೆ ಕೊಡವದೆ, ತಲೆ ಕೆಳಗೆ ಮಾಡಿ ಗೊಬ್ಬರದ ಚೀಲಕ್ಕೆ ತುರುಕಿ, ಹೊಲದ ಮೂಲೆಯಲ್ಲೇ ಒಣಗಿಸಿ ಸುಡಿ. ರಸ್ತೆ ಬದಿಗೋ ಹಳ್ಳಕ್ಕೋ ಎಸೆದರೆ ಪಕ್ಕದವರ ಹೊಲಕ್ಕೂ ಬೀಜ ಹಂಚಿದಂತೆ.

ತೊಗರಿ ಕಾಳಿನಷ್ಟು ದಪ್ಪದ, ಬೆನ್ನ ಮೇಲೆ ಕಂದು ಗೆರೆಯಿರುವ ದುಂಬಿ ಎಲೆ ತಿನ್ನುತ್ತಿದ್ದರೆ ಆ ಜಾಗಕ್ಕೆ ಔಷಧಿ ಹೊಡೆಯಬೇಡಿ. ಅದು ಮೆಕ್ಸಿಕೊದ ಹುಳು, 1984ರಲ್ಲಿ ಬೆಂಗಳೂರಿನಲ್ಲಿ ಈ ಕಳೆಯ ಮೇಲೆಂದೇ ಬಿಟ್ಟದ್ದು. ಮಳೆಗಾಲದಲ್ಲಿ ಕೆಲಸ ಮಾಡುತ್ತದೆ. ಅದೊಂದನ್ನೇ ನೆಚ್ಚಿ ಕೂರುವಂತಿಲ್ಲ. ಕಿತ್ತ ನೆಲ ಖಾಲಿ ಬಿಟ್ಟರೆ ಮತ್ತೆ ಅದೇ ಬರುತ್ತದೆ. ಒತ್ತಾಗಿ ಹುರುಳಿ ಚೆಲ್ಲಿ.

ಇನ್ನು ಲಂಟಾನ. ಮೇಲೆ ಸವರಿದರೆ ಎರಡರಷ್ಟು ಪೊದೆಯಾಗುತ್ತದೆ. ಬುಡ ಬಿಡಿಸಿ, ಮಣ್ಣಿನೊಳಗೆ ಎರಡು ಮೂರು ಬೆರಳು ಕೆಳಗೆ ತಾಯಿಬೇರನ್ನು ಕಡಿಸಿ, ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡಿ. ಅಲ್ಲಿಗೆ ದನ ಬಿಡಬೇಡಿ, ಎಲೆ ಒಣಗಿದರೂ ವಿಷವೇ. ನೀಳ ಕಡ್ಡಿ ಸುಡುವ ಮೊದಲು ನೆನಪಿರಲಿ: ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಲ್ಲೇ ಕುರ್ಚಿ, ಬುಟ್ಟಿ ಮಾಡುತ್ತಾರೆ. ಮುಂದಿನ ಮಳೆಗೆ ಬದುವಿನ ಮರಗಳ ಕೆಳಗೆ ಒಮ್ಮೆ ಬಗ್ಗಿ ನೋಡಿ. ಹಣ್ಣು ತಿಂದ ಹಕ್ಕಿ ಕೂತೆದ್ದ ಕಡೆ ಸಸಿ ಇದ್ದೇ ಇರುತ್ತವೆ, ಆಗ ಎರಡು ಬೆರಳಿಗೇ ಬರುತ್ತವೆ.